ಡ್ರಿಲ್ಲು, ಪ್ಲೇಟು, ಪಾಠ: ಮೂಳೆ ಶಸ್ತ್ರಚಿಕಿತ್ಸಾ ತಂಡಗಳ ಮರುಕಲಿಕೆಯ ಇತಿಹಾಸ

ಪದವಿ ಮುಗಿದ ಮೇಲೆ ವೈದ್ಯರು ಕಲಿಯುತ್ತಲೇ ಇರಬೇಕು ಎಂಬುದು ಎಲ್ಲ ವೈದ್ಯಶಾಖೆಗಳಿಗೂ ಅನ್ವಯಿಸುವ ಮಾತು. ಆದರೆ ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಆ ಕಲಿಕೆಯ ಬಗೆಯೇ ಬೇರೆ. ಹೊಸ ಮಾತ್ರೆಯ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಓದಿದ ಫಿಜಿಶಿಯನ್ ಮರುದಿನವೇ ಅದನ್ನು ಚೀಟಿಯಲ್ಲಿ ಬರೆಯಬಹುದು. ಹೊಸ ಬಗೆಯ ಪ್ಲೇಟಿನ ಬಗ್ಗೆ ಎಷ್ಟೇ ಓದಿದರೂ ಅದನ್ನು ಮುರಿದ ತೊಡೆಮೂಳೆಗೆ ಕೂರಿಸಲು ಬಾರದು. ಪ್ಲೇಟಿನ ಜೊತೆಗೆ ಅದಕ್ಕೆ ಒಗ್ಗುವ ಡ್ರಿಲ್ಲು, ಸ್ಕ್ರೂ, ಅಳತೆಗಡ್ಡಿ ಬೇಕು. ಅವನ್ನು ಕೇಳುವ ಮೊದಲೇ ಕ್ರಮ ತಪ್ಪದೆ ಕೈಗಿಡುವ ನರ್ಸ್ ಬೇಕು. ಎಕ್ಸ್‌ರೇ ಯಂತ್ರವನ್ನು ಸರಿಯಾದ ಕೋನಕ್ಕೆ ತಿರುಗಿಸುವ ಟೆಕ್ನಿಷಿಯನ್ ಬೇಕು. ಹಾಗಾಗಿ ಈ ಶಾಖೆಯಲ್ಲಿ ಪಾಠವೂ ಸಲಕರಣೆಯೂ ಒಂದೇ ಪೆಟ್ಟಿಗೆಯಲ್ಲಿ ಬಂದವು. ನರ್ಸುಗಳು ತರಗತಿಗೆ ಬಂದದ್ದು, ಕಲಿತದ್ದನ್ನು ಪದೇಪದೇ ಮರೆತು ಹೊಸದಾಗಿ ಕಲಿಯಬೇಕಾಗಿ ಬಂದದ್ದು, ಮಾರಾಟಗಾರರೂ ಅದೇ ತರಗತಿಯಲ್ಲಿ ಜಾಗ ಹಿಡಿದದ್ದು, ಎಲ್ಲಕ್ಕೂ ಮೂಲ ಇದೇ.

ತಂಡವನ್ನೇ ಕೂರಿಸಿ ಕಲಿಸುವ ಪದ್ಧತಿಯ ಹಳೆಯ ಉದಾಹರಣೆಯೊಂದು ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸಿಗುತ್ತದೆ. ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್ ವೇಲ್ಸ್ ಮೂಲದ ನಾಟಿ ಮೂಳೆವೈದ್ಯರ ಮನೆತನದವರು. ತೊಡೆಮೂಳೆಯ ಮುರಿತಕ್ಕೆ ಅವರು ರೂಪಿಸಿದ್ದ ಉಂಗುರ ಮತ್ತು ಸರಳುಗಳ ಚೌಕಟ್ಟನ್ನು ಅವರು ಬದುಕಿದ್ದಾಗ ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವರ ಸಂಬಂಧಿಯೂ ಶಿಷ್ಯರೂ ಆಗಿದ್ದ ರಾಬರ್ಟ್ ಜೋನ್ಸ್ ಮ್ಯಾಂಚೆಸ್ಟರ್ ಹಡಗು ಕಾಲುವೆ ತೋಡುವಾಗ ಗಾಯಗೊಂಡ ಕಾರ್ಮಿಕರ ಚಿಕಿತ್ಸೆಯ ಹೊಣೆ ಹೊತ್ತು, ಅಪಘಾತ ಚಿಕಿತ್ಸೆಯನ್ನು ಸಾಲುಸಾಲಾಗಿ ಸಂಘಟಿಸುವುದನ್ನು ಕಲಿತವರು. ಯುದ್ಧ ಬಂದಾಗ ಥಾಮಸ್ ಚೌಕಟ್ಟನ್ನು ಸೈನ್ಯಕ್ಕೆ ಒಗ್ಗಿಸಲು ದುಡಿದವರಲ್ಲಿ ಅವರು ಮುಖ್ಯರು. ಯುದ್ಧದ ಮೊದಲ ವರ್ಷಗಳಲ್ಲಿ ತೊಡೆಮೂಳೆ ಮುರಿದ ಸೈನಿಕರಲ್ಲಿ ಶೇಕಡ 80ರಷ್ಟು ಮಂದಿ ಸಾಯುತ್ತಿದ್ದರು ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ನಡೆದುಬಂದಿದೆ. ಆ ಅಂಕಿಯ ಬಗ್ಗೆ ಇತಿಹಾಸಕಾರರಲ್ಲಿ ತಕರಾರಿದೆ. ಸ್ಪಷ್ಟ ಲೆಕ್ಕವಿರುವ ಅಂಕಿ 1917ರ ಅರಾಸ್ ಕದನದ್ದು. ಬ್ರಿಟಿಷ್ ಸೈನ್ಯದ ಸರ್ಜನ್ ಹೆನ್ರಿ ಗ್ರೇ ಅವರ ಲೆಕ್ಕದ ಪ್ರಕಾರ ಅಲ್ಲಿ ತೊಡೆಮೂಳೆ ಮುರಿದು ಬಂದ 1,009 ಮಂದಿಯಲ್ಲಿ ಸತ್ತವರು ಶೇಕಡ 15.6.

ಈ ಬದಲಾವಣೆಯನ್ನು ಚೌಕಟ್ಟು ಒಂದೇ ತಂದದ್ದಲ್ಲ. ಅದನ್ನು ಹಾಕುತ್ತಿದ್ದವರು ಸರ್ಜನ್ನರಲ್ಲ, ಗಾಯಾಳುಗಳನ್ನು ಹೊತ್ತು ತರುವ ಸ್ಟ್ರೆಚರ್ ಆಳುಗಳು. ಅವರಿಗೆ ಕವಾಯತಿನಂತೆ, ಇವನು ಒಂದನೆಯವ, ಅವನು ಎರಡನೆಯವ ಎಂದು ಎಣಿಸಿ, ಯಾರು ಏನು ಮಾಡಬೇಕೆಂಬುದನ್ನು ತಿದ್ದಲಾಯಿತು. ಬೂಟು ಬಿಚ್ಚುವಂತಿಲ್ಲ, ಒಬ್ಬ ಪಾದ ಹಿಡಿದು ನೇರವಾಗಿ ಎಳೆಯಬೇಕು, ಎಳೆತ ಸಡಿಲವಾಗದಂತೆ ಇನ್ನೊಬ್ಬ ಉಂಗುರವನ್ನು ತೊಡೆಯ ಬುಡದವರೆಗೂ ಸರಿಸಬೇಕು, ಆಮೇಲೆ ಕಟ್ಟು. ಇರುಳಿನಲ್ಲೂ ಮಾಡಲು ಬರಲಿ ಎಂದು ಕಣ್ಣಿಗೆ ಬಟ್ಟೆ ಕಟ್ಟಿ ಅಭ್ಯಾಸ ಮಾಡಿಸುತ್ತಿದ್ದರು. ಮೂಳೆ ಚಿಕಿತ್ಸೆಯಲ್ಲಿ ಫಲಿತಾಂಶವನ್ನು ನಿರ್ಧರಿಸುವವರು ವೈದ್ಯರೊಬ್ಬರೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಯುದ್ಧ ಮುಗಿದ ಮೇಲೆ ಶಾಂತಿಕಾಲದ ಆಸ್ಪತ್ರೆಗಳು ಈ ಪಾಠವನ್ನು ಬಹುಮಟ್ಟಿಗೆ ಮರೆತವು.

ಎರಡು ಯುದ್ಧಗಳ ನಡುವೆ ಯುರೋಪಿನ ಮೂಳೆವೈದ್ಯರು ಕಲಿಯಲು ಹೋಗುತ್ತಿದ್ದ ಊರು ವಿಯೆನ್ನಾ. 1925ರಲ್ಲಿ ಅಲ್ಲಿ ಅಪಘಾತ ಆಸ್ಪತ್ರೆ ತೆರೆದ ಲೊರೆನ್ಸ್ ಬ್ಯೋಲರ್ ಶಿಸ್ತಿನ ಮನುಷ್ಯ. ಎಳೆತಕ್ಕೆ ಎಷ್ಟು ತೂಕ, ಪ್ಲಾಸ್ಟರ್ ಎಷ್ಟು ವಾರ, ಯಾವ ದಿನ ಎಕ್ಸ್‌ರೇ, ಎಲ್ಲಕ್ಕೂ ಅವರಲ್ಲಿ ನಿಯಮವಿತ್ತು. ಅವರ ಪುಸ್ತಕ ಹಲವು ಭಾಷೆಗಳಿಗೆ ಅನುವಾದವಾಯಿತು. ಕತ್ತಿ ಹಿಡಿಯದೆ, ಎಳೆತ ಮತ್ತು ಪ್ಲಾಸ್ಟರಿನಿಂದಲೇ ಮೂಳೆ ಕೂಡಿಸುವ ಆ ವಿಧಾನ ಒಳ್ಳೆಯ ಕೈಯಲ್ಲಿ ಒಳ್ಳೆಯ ಫಲವನ್ನೇ ಕೊಟ್ಟಿತು. ಆದರೆ ತೊಡೆ ಮುರಿದವರು ತಿಂಗಳುಗಟ್ಟಲೆ ತೂಕ ಕಟ್ಟಿಸಿಕೊಂಡು ಮಲಗಬೇಕಿತ್ತು. ಮೂಳೆ ಕೂಡುವ ಹೊತ್ತಿಗೆ ಮೊಣಕಾಲು ಬಿಗಿದು, ಸ್ನಾಯು ಬತ್ತಿ, ಕಾಲು ಊದಿರುತ್ತಿತ್ತು. ಎಕ್ಸ್‌ರೇ ನೋಡಿದರೆ ಗುಣ, ರೋಗಿಯನ್ನು ನೋಡಿದರೆ ಕುಂಟ. ಅಂಥವರಿಗೆ ಜೀವಮಾನವಿಡೀ ಪಿಂಚಣಿ ಕೊಡಬೇಕಾದ ವಿಮಾ ಸಂಸ್ಥೆಗಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಮೂಳೆಯನ್ನು ಬಿಚ್ಚಿ ಲೋಹದಿಂದ ಜೋಡಿಸುವ ಪ್ರಯತ್ನಗಳು ಆಗಲೂ ಇದ್ದವು. ಬ್ರಸೆಲ್ಸಿನ ರೋಬೆರ್ ದಾನಿ ಮುರಿದ ತುದಿಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವ ಪ್ಲೇಟೊಂದನ್ನು ಮಾಡಿ, 1949ರಲ್ಲಿ ಆ ಬಗ್ಗೆ ಪುಸ್ತಕ ಬರೆದರು. ಮರುವರ್ಷ ಸ್ವಿಟ್ಜರ್ಲೆಂಡಿನ ಯುವ ಸರ್ಜನ್ ಮೊರಿಸ್ ಮ್ಯುಲ್ಲರ್ ಅವರನ್ನು ಕಾಣಲು ಹೋದರು. ಶಸ್ತ್ರಚಿಕಿತ್ಸೆ ಆದ ಸ್ವಲ್ಪ ದಿನಕ್ಕೇ ಕೀಲುಗಳನ್ನು ಸಲೀಸಾಗಿ ಮಡಿಚಿ ಚಾಚುತ್ತಿದ್ದ ರೋಗಿಗಳನ್ನು ನೋಡಿ ಅವರು ಮಾರುಹೋದರು. ಆದರೆ ಆ ಕೌಶಲ ದಾನಿಯವರ ಕೈಯಲ್ಲಿತ್ತೇ ಹೊರತು ಬೇರೆಯವರಿಗೆ ದಾಟುವ ರೂಪದಲ್ಲಿರಲಿಲ್ಲ. ಬೇರೆ ಆಸ್ಪತ್ರೆಗಳಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯ ಸ್ಕ್ರೂ, ಒಂದೊಂದು ಬಗೆಯ ಲೋಹ ಬಳಸುತ್ತಿದ್ದರು. ಕೀವು, ತುಕ್ಕು, ಸಡಿಲ ಪ್ಲೇಟು ಸಾಮಾನ್ಯವಾಗಿದ್ದವು. ಬ್ಯೋಲರ್ ಪಂಥದವರು ಶಸ್ತ್ರಚಿಕಿತ್ಸೆಯನ್ನು ವಿರೋಧಿಸಲು ಸಾಕಷ್ಟು ಕಾರಣಗಳಿದ್ದವು.

1958ರ ನವೆಂಬರ್ 6ರಂದು ಬೀಲ್ ಪಟ್ಟಣದ ಎಲೀಟ್ ಹೋಟೆಲಿನಲ್ಲಿ 13 ಮಂದಿ ಸ್ವಿಸ್ ಸರ್ಜನ್ನರು ಸೇರಿ ಒಂದು ಅಧ್ಯಯನ ಕೂಟ ಕಟ್ಟಿದರು. ಅದರ ಉದ್ದನೆಯ ಜರ್ಮನ್ ಹೆಸರು ಮುಂದೆ ‘ಎಓ’ ಎಂಬ ಎರಡಕ್ಷರಕ್ಕೆ ಇಳಿಯಿತು. ಮ್ಯುಲ್ಲರ್, ಹಾನ್ಸ್ ವಿಲ್ಲೆನೆಗ್ಗರ್, ಮಾರ್ಟಿನ್ ಆಲ್ಗೋವರ್, ರಾಬರ್ಟ್ ಶ್ನೈಡರ್, ವಾಲ್ಟರ್ ಬಾಂಡಿ ಅದರ ಮುಂದಾಳುಗಳು. ಇವರಲ್ಲಿ ಹೆಚ್ಚಿನವರು ವಿಶ್ವವಿದ್ಯಾಲಯದ ಪ್ರೊಫೆಸರುಗಳಲ್ಲ, ಲೀಸ್ಟಾಲ್, ಕೂರ್, ಇಂಟರ್ಲಾಕೆನ್‌ನಂಥ ಊರುಗಳ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದವರು. ಸ್ಕೀಯಿಂಗ್‌ನಲ್ಲಿ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡವರು ಚಳಿಗಾಲದಲ್ಲಿ ಅವರಲ್ಲಿಗೆ ಧಾರಾಳವಾಗಿ ಬರುತ್ತಿದ್ದರು. ಹೊಸ ವಿಚಾರಗಳನ್ನು ರಾಜಧಾನಿಯ ದೊಡ್ಡ ಹೆಸರಿನವರಿಗಿಂತ ಜಿಲ್ಲಾಸ್ಪತ್ರೆಯವರೇ ಮುಂದೆ ಒಯ್ದದ್ದು ವೈದ್ಯಕೀಯ ಇತಿಹಾಸದಲ್ಲಿ ಅಪರೂಪವಲ್ಲ.

ಮ್ಯುಲ್ಲರ್ ಅದೇ ವರ್ಷ ಬೆಟ್ಲಾಕ್ ಎಂಬ ಹಳ್ಳಿಯ ಯಂತ್ರಕರ್ಮಿ ರಾಬರ್ಟ್ ಮಾಥಿಸ್ ಅವರನ್ನು ಹುಡುಕಿಕೊಂಡರು. ಅದು ಕೈಗಡಿಯಾರ ಉದ್ಯಮದ ಸೀಮೆ. ಕೂದಲೆಳೆಯ ಅಳತೆಗೆ ಉಕ್ಕು ಕಡೆಯುವುದು ಅಲ್ಲಿ ನಿತ್ಯದ ಕಸುಬು. ಸ್ಕ್ರೂ, ಪ್ಲೇಟು, ಡ್ರಿಲ್ಲು, ಸ್ಕ್ರೂಡ್ರೈವರ್ ಎಲ್ಲ ಒಂದಕ್ಕೊಂದು ಹೊಂದುವ ಒಂದು ಪೂರ್ಣ ಸೆಟ್ಟು ಸಿದ್ಧವಾಯಿತು. ಲೋಹದ ಗುಣದ ಸಮಸ್ಯೆಯನ್ನು ವಾಲ್ಡೆನ್‌ಬುರ್ಗಿನ ಸ್ಟ್ರೌಮಾನ್ ಸಂಸ್ಥೆ ನೋಡಿಕೊಂಡಿತು. ಮಾರಾಟದಿಂದ ಬರುವ ರಾಯಧನ ಸರ್ಜನ್ನರ ಜೇಬಿಗೆ ಹೋಗದಂತೆ 1960ರಲ್ಲಿ ಸಿಂಥೆಸ್ ಎಂಬ ಕಂಪನಿ ಹುಟ್ಟಿತು. ಆ ಹಣ ಸಂಶೋಧನೆ, ದಾಖಲಾತಿ ಮತ್ತು ಬೋಧನೆಗೆ ಮೀಸಲು. ಆ ಕಾಲಕ್ಕೆ ಇದು ಬಹಳ ಜಾಣ, ಪ್ರಾಮಾಣಿಕ ಏರ್ಪಾಡು. ಬೋಧನೆಯ ಅನ್ನ ಸಲಕರಣೆಯ ಮಾರಾಟದಿಂದ ಬರಬೇಕು ಎಂಬ ಗಂಟು ಬಿದ್ದದ್ದೂ ಇಲ್ಲಿಯೇ.

ಪಾಠಕ್ಕೆ ಜಾಗ ಸಿಕ್ಕಿದ್ದು ದಾವೋಸ್‌ನಲ್ಲಿ. ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದ ಆ ಊರು ಕ್ಷಯರೋಗಿಗಳ ಸ್ಯಾನಟೋರಿಯಂಗಳಿಂದ ಹೆಸರಾದದ್ದು. ಥಾಮಸ್ ಮಾನ್ ಅವರ ‘ಮಾಯಾ ಪರ್ವತ’ ಕಾದಂಬರಿ ನಡೆಯುವುದೂ ಅಲ್ಲಿಯೇ. ಸ್ಟ್ರೆಪ್ಟೊಮೈಸಿನ್ ಮುಂತಾದ ಔಷಧಗಳು ಬಂದ ಮೇಲೆ ಸ್ಯಾನಟೋರಿಯಂಗಳು ಖಾಲಿಯಾದವು, ಕ್ಷಯ ಸಂಶೋಧನಾ ಸಂಸ್ಥೆಗೆ ಕೆಲಸ ಕಡಿಮೆಯಾಯಿತು. 1959ರಲ್ಲಿ ಎಓ ಬಳಗ ಅಲ್ಲಿ ಪ್ರಯೋಗಾಲಯ ತೆರೆಯಿತು. 1960ರ ಡಿಸೆಂಬರಿನಲ್ಲಿ ಮೊದಲ ಕೋರ್ಸ್ ನಡೆಯಿತು. ಅಂದಿನಿಂದ ಡಿಸೆಂಬರ್ ತಿಂಗಳ ದಾವೋಸ್ ಕೋರ್ಸು ಮೂಳೆವೈದ್ಯರ ಜಗತ್ತಿನಲ್ಲಿ ಒಂದು ವಾರ್ಷಿಕ ಜಾತ್ರೆಯಾಗಿ ಬೆಳೆಯಿತು.

ಆ ಕೋರ್ಸಿನ ಹೊಸತನ ಉಪನ್ಯಾಸಗಳಲ್ಲಿರಲಿಲ್ಲ. ಅಮೆರಿಕದ ಆರ್ಥೋಪೆಡಿಕ್ ಅಕಾಡೆಮಿ 1940ರ ದಶಕದಿಂದಲೇ ತನ್ನ ಸದಸ್ಯರಿಗಾಗಿ ಪಾಠೋಪನ್ಯಾಸಗಳನ್ನು ನಡೆಸಿ ಸಂಪುಟಗಳಾಗಿ ಅಚ್ಚುಹಾಕುತ್ತಿತ್ತು. ದಾವೋಸ್‌ನಲ್ಲಿ ಕಲಿಯುವವರು ಮೇಜಿನ ಮುಂದೆ ನಿಂತು, ಕೈಗೆ ಡ್ರಿಲ್ಲು ತೆಗೆದುಕೊಂಡು, ನಿಜವಾದ ಮೂಳೆಯ ಮೇಲೆ ಕೆಲಸ ಮಾಡಬೇಕಿತ್ತು. ಮೊದಲಿಗೆ ಬಳಸುತ್ತಿದ್ದದ್ದು ಶವದಿಂದ ತೆಗೆದ ಮೂಳೆಗಳನ್ನೇ. ಆಸ್ಪತ್ರೆಯ ಮುಖ್ಯಸ್ಥರಾಗಿದ್ದವರೂ ಹೊಸಬರ ಪಕ್ಕದಲ್ಲಿ ನಿಂತು, ತಮಗಿಂತ ಚಿಕ್ಕವರಿಂದ ತಿದ್ದಿಸಿಕೊಳ್ಳಬೇಕಿತ್ತು. ಯುರೋಪಿನ ಆಸ್ಪತ್ರೆಗಳ ಅಂದಿನ ದೊಡ್ಡಸ್ತಿಕೆಯನ್ನು ಬಲ್ಲವರಿಗೆ ಇದು ಎಷ್ಟು ದೊಡ್ಡ ಮಾತೆಂದು ತಿಳಿಯುತ್ತದೆ.

ಕೋರ್ಸಿನ ಅತಿ ಸರಳ ಪಾಠವಾದ ಲ್ಯಾಗ್ ಸ್ಕ್ರೂ ಹಾಕುವುದನ್ನೇ ನೋಡಬಹುದು. ಓರೆಯಾಗಿ ಸೀಳಿದ ಮೂಳೆಯ ಎರಡು ತುಂಡುಗಳನ್ನು ಒಂದು ಸ್ಕ್ರೂ ಒತ್ತಿ ಹಿಡಿಯಬೇಕು. ಹತ್ತಿರದ ಪದರಕ್ಕೆ 4.5 ಮಿಲಿಮೀಟರಿನ ತೂತು ಕೊರೆಯಬೇಕು. ಸ್ಕ್ರೂ ಇಲ್ಲಿ ಹಿಡಿಯದೆ ಜಾರಬೇಕು. ಆ ತೂತಿನೊಳಗೆ ಒಂದು ಕೊಳವೆ ಇಟ್ಟು, ಅದರ ಮೂಲಕ ದೂರದ ಪದರಕ್ಕೆ 3.2 ಮಿಲಿಮೀಟರಿನ ತೂತು ಕೊರೆಯಬೇಕು. ಸ್ಕ್ರೂ ತಲೆ ಕೂರಲು ಮೇಲ್ಭಾಗವನ್ನು ತಗ್ಗು ಮಾಡಬೇಕು. ಕೊಕ್ಕೆಯ ಗಡ್ಡಿ ಇಳಿಬಿಟ್ಟು ಆಳ ಅಳೆಯಬೇಕು. ದೂರದ ಪದರದಲ್ಲಿ ಟ್ಯಾಪ್ ತಿರುಗಿಸಿ ಥ್ರೆಡ್ ಕೊರೆಯಬೇಕು. ಆಮೇಲೆ ಸ್ಕ್ರೂ. ದೂರದ ಪದರ ಮಾತ್ರ ಥ್ರೆಡ್ಡಿಗೆ ಸಿಕ್ಕಿ ಈಚೆಗೆ ಎಳೆಯಲ್ಪಟ್ಟು ಸೀಳು ಮುಚ್ಚುತ್ತದೆ. ಹತ್ತಿರದ ತೂತನ್ನೂ 3.2ಕ್ಕೇ ಬಿಟ್ಟರೆ ಸ್ಕ್ರೂ ಎರಡೂ ಕಡೆ ಕಚ್ಚಿಕೊಳ್ಳುತ್ತದೆ. ಎಷ್ಟು ಬಿಗಿದರೂ ಸೀಳು ಸೀಳಾಗಿಯೇ ಉಳಿಯುತ್ತದೆ. ಎಕ್ಸ್‌ರೇಯಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ತರಹ ಕಾಣುವುದರಿಂದ ಪುಸ್ತಕ ಓದಿದವರಿಗೆ ಈ ವ್ಯತ್ಯಾಸ ಸುಲಭಕ್ಕೆ ಹಿಡಿಯುವುದಿಲ್ಲ. ಬೆರಳಿಗೆ ತಕ್ಷಣ ಹಿಡಿಯುತ್ತದೆ.

ಈ ಒಂದು ಸ್ಕ್ರೂವಿಗೆ ಆರೇಳು ಬಾರಿ ಸಲಕರಣೆ ಕೈ ಬದಲಾಯಿಸಬೇಕು. ಟ್ರೇ ಮುಂದೆ ನಿಂತ ಸ್ಕ್ರಬ್ ನರ್ಸಿಗೆ ಕ್ರಮ ಗೊತ್ತಿಲ್ಲದಿದ್ದರೆ ಸರ್ಜನ್ ಪ್ರತಿ ಸಲ ತಲೆ ಎತ್ತಿ ಕೇಳಬೇಕು, ಗಾಯ ಅಷ್ಟು ಹೊತ್ತು ತೆರೆದೇ ಇರುತ್ತದೆ, 3.2ರ ಬದಲು 4.5 ಕೈಗೆ ಬಂದರೆ ಆ ತೂತು ಕೆಟ್ಟಂತೆ. ಒಂದು ಸೆಟ್ಟಿನಲ್ಲಿ ನೂರಾರು ಬಿಡಿಭಾಗಗಳು, ಅವುಗಳ ತೊಳೆತ, ಸ್ಟೆರಿಲೈಸೇಷನ್, ಮೊಂಡಾದ ಡ್ರಿಲ್ ಬಿಟ್ಟನ್ನು ಗುರುತಿಸಿ ತೆಗೆಯುವುದು, ಖಾಲಿಯಾದ ಸ್ಕ್ರೂ ತುಂಬುವುದು, ಇದೆಲ್ಲ ಸರ್ಜನ್ನರ ಕೆಲಸವಲ್ಲ. ಹೆಚ್ಚಿನ ಸರ್ಜನ್ನರಿಗೆ ಅದು ಗೊತ್ತೂ ಇರುವುದಿಲ್ಲ. ಹಾಗಾಗಿ ಆಪರೇಷನ್ ಥಿಯೇಟರ್ ಸಿಬ್ಬಂದಿಗೆ ಪ್ರತ್ಯೇಕ ಕೋರ್ಸುಗಳು ಎಓ ಬೋಧನೆಯ ಸ್ಥಿರವಾದ ಭಾಗವಾದವು. ನರ್ಸುಗಳೂ ಅದೇ ಡ್ರಿಲ್ಲು ಹಿಡಿದು, ಅದೇ ಮೂಳೆ ಕೊರೆದು, ಪ್ಲೇಟು ಕೂರಿಸಿ ನೋಡಿದರು. ಮುಂದಿನ ಹೆಜ್ಜೆ ತಿಳಿದವರು ಮಾತ್ರ ಮುಂದಿನ ಸಲಕರಣೆಯನ್ನು ಕೇಳಿಸಿಕೊಳ್ಳದೆಯೇ ಕೊಡಬಲ್ಲರು ಎಂಬುದು ಅದರ ತರ್ಕ. ಥಿಯೇಟರ್ ಸಿಬ್ಬಂದಿಗಾಗಿಯೇ ಬರೆದ ಎಓ ಕೈಪಿಡಿ ದೊಡ್ಡ ಪುಸ್ತಕವಾಗಿ ಹೊರಬಂದದ್ದು 2010ರಲ್ಲಿ. ಸರ್ಜನ್ನರ ಕೈಪಿಡಿ 1969ರಷ್ಟು ಹಿಂದೆಯೇ ಬಂದಿತ್ತು. ಈ ನಾಲ್ಕು ದಶಕಗಳ ಅಂತರ ಬಹಳ ಹೇಳುತ್ತದೆ.

ಎಓ ಬಳಗದ ಇನ್ನೊಂದು ಪಟ್ಟು ದಾಖಲೆಯದು. ಪ್ರತಿ ಶಸ್ತ್ರಚಿಕಿತ್ಸೆಯ ವಿವರವನ್ನೂ ಎಕ್ಸ್‌ರೇಗಳನ್ನೂ ಆರಂಭದಲ್ಲಿ, ನಾಲ್ಕು ತಿಂಗಳಿಗೆ, ವರ್ಷಕ್ಕೆ ಹೀಗೆ ಕೇಂದ್ರಕ್ಕೆ ಕಳಿಸಬೇಕಿತ್ತು. ಕೆಟ್ಟದ್ದನ್ನೂ ಮುಚ್ಚಿಡುವಂತಿರಲಿಲ್ಲ. ಮರುವರ್ಷದ ಕೋರ್ಸಿನಲ್ಲಿ ಏನು ಹೇಳಬೇಕು, ಏನು ಬಿಡಬೇಕು ಎಂಬುದಕ್ಕೆ ಈ ಕಡತಗಳೇ ಆಧಾರ. ಶಸ್ತ್ರಚಿಕಿತ್ಸೆಗೆ ಮೊದಲು ಎಕ್ಸ್‌ರೇ ಮೇಲೆ ಟ್ರೇಸಿಂಗ್ ಕಾಗದವಿಟ್ಟು, ಪ್ರತಿ ತುಂಡನ್ನೂ ಬರೆದು, ಕತ್ತರಿಸಿ, ಜೋಡಿಸಿ, ಯಾವ ಸ್ಕ್ರೂ ಯಾವ ಕ್ರಮದಲ್ಲಿ ಎಂದು ಗುರುತು ಹಾಕುವ ಅಭ್ಯಾಸವನ್ನೂ ಈ ಬಳಗ ಕಟ್ಟುನಿಟ್ಟಾಗಿ ಕಲಿಸಿತು. ಆ ಚಿತ್ರ ಥಿಯೇಟರಿನ ಗೋಡೆಯ ಮೇಲಿದ್ದರೆ ನರ್ಸಿಗೂ ಅದೇ ಮಾರ್ಗಸೂಚಿ. ಇವತ್ತು ಆ ಕೆಲಸ ಕಂಪ್ಯೂಟರ್ ಪರದೆಯ ಮೇಲೆ ನಡೆಯುತ್ತದೆ. ಗೋಡೆಯ ಮೇಲಿನ ಹಾಳೆ ಹೋದ ಮೇಲೆ ಯೋಜನೆ ಮತ್ತೆ ಸರ್ಜನ್ನರ ತಲೆಯೊಳಗೇ ಉಳಿಯುವ ಅಪಾಯವೂ ಬಂದಿದೆ.

1972ರಲ್ಲಿ ಎಓ ಇಂಟರ್‌ನ್ಯಾಷನಲ್ ಎಂಬ ಅಂಗ ಹುಟ್ಟಿತು. ವಿಲ್ಲೆನೆಗ್ಗರ್ ಅದರ ಮುಖ್ಯಸ್ಥರಾಗಿ ಪ್ರಪಂಚ ಸುತ್ತಿ ಕೋರ್ಸು ನಡೆಸಿದರು. ಕೋರ್ಸು ದೇಶದಿಂದ ದೇಶಕ್ಕೆ ಹೋಗಬೇಕಾದರೆ ಶವದ ಮೂಳೆ ಹೊತ್ತುಕೊಂಡು ಹೋಗಲಾಗದು. ಕೃತಕ ಮೂಳೆ ಬಂದದ್ದು ಈ ಅಗತ್ಯದಿಂದ: ಹೊರಗೆ ಗಟ್ಟಿ ಪದರ, ಒಳಗೆ ಸ್ಪಂಜಿನಂಥ ನೊರೆ, ಡ್ರಿಲ್ಲಿಗೆ ಹೆಚ್ಚುಕಮ್ಮಿ ನಿಜವಾದ ಮೂಳೆಯಂತೆಯೇ ತಡೆ ಕೊಡುವ ಪ್ಲಾಸ್ಟಿಕ್. ಅಮೆರಿಕದ ವಾಶನ್ ದ್ವೀಪದ ‘ಸಾಬೋನ್ಸ್’ ಮತ್ತು ಸ್ವಿಟ್ಜರ್ಲೆಂಡಿನ ‘ಸಿನ್‌ಬೋನ್’ ಇದರಲ್ಲಿ ಹೆಸರಾದವು. ಇಂದು ಬೆಂಗಳೂರಿನಲ್ಲಾಗಲಿ ಮಂಗಳೂರಿನಲ್ಲಾಗಲಿ ವರ್ಕ್‌ಶಾಪ್ ನಡೆಯುವಾಗ ಮೇಜಿಗೆ ಬಿಗಿದಿರುವ ಹಳದಿ ಬಿಳುಪಿನ ಮೂಳೆಗಳು ಈ ವಂಶದವು. ಅವುಗಳಿಗೆ ರಕ್ತವಿಲ್ಲ, ಸ್ನಾಯುವಿಲ್ಲ, ಮುದುಕರ ಮೂಳೆಯ ಟೊಳ್ಳುತನ ಸಾಮಾನ್ಯವಾಗಿ ಇಲ್ಲ. ಪ್ಲಾಸ್ಟಿಕ್ ಮೂಳೆಯ ಮೇಲೆ ಚೆನ್ನಾಗಿ ಕೂತ ಪ್ಲೇಟು ಕಲಿತವರಿಗೆ ಅತಿಯಾದ ಧೈರ್ಯ ಕೊಡಬಲ್ಲದು ಎಂಬ ಆಕ್ಷೇಪ ಬೋಧಕರ ನಡುವೆಯೇ ಇದೆ.

ಕೀಲು ಬದಲಾವಣೆಯ ಕಥೆ ಇಂಗ್ಲೆಂಡಿನದು. ವಿಗನ್ ಹತ್ತಿರದ ರೈಟಿಂಗ್ಟನ್ ಆಸ್ಪತ್ರೆಯೂ ದಾವೋಸ್‌ನಂತೆ ಒಂದು ಕಾಲದ ಕ್ಷಯರೋಗದ ಆಸ್ಪತ್ರೆಯೇ. ಅಲ್ಲಿ ಜಾನ್ ಚಾರ್ನ್‌ಲಿ ಸೊಂಟದ ಕೀಲಿಗೆ ಮೊದಲು ಟೆಫ್ಲಾನ್ ಬಟ್ಟಲು ಹಾಕಿ ಸೋತರು. 1962ರ ಕೊನೆಯಲ್ಲಿ ಪಾಲಿಎಥಿಲೀನ್ ಬಟ್ಟಲಿಗೆ ಬದಲಾಯಿಸಿದರು. ಟೆಫ್ಲಾನಿನ ಸೋಲು ಅವರನ್ನು ಎಚ್ಚರಿಸಿತ್ತು. ತಮ್ಮ ಕೀಲನ್ನು ರೈಟಿಂಗ್ಟನ್‌ಗೆ ಬಂದು ಕಲಿತ ಸರ್ಜನ್ನರಿಗೆ ಮಾತ್ರ ಮಾರಬೇಕೆಂದು ಅವರು ತಯಾರಕರಿಗೆ ಹಲವು ವರ್ಷ ಕಟ್ಟುಪಾಡು ಹಾಕಿದ್ದರು. ತನ್ನ ಸರಕನ್ನು ಕಲಿಯದವರಿಗೆ ಕೊಡೆನು ಎಂದ ಆವಿಷ್ಕಾರಕರು ವೈದ್ಯಕೀಯದಲ್ಲಿ ವಿರಳ. ಅಲ್ಲಿಗೆ ಬಂದವರು ನೋಡುತ್ತಿದ್ದದ್ದು ಕೀಲು ಕೂರಿಸುವ ಕೈಚಳಕ ಮಾತ್ರವಲ್ಲ. ಶುದ್ಧ ಗಾಳಿಯ ಗೂಡು, ಉಸಿರನ್ನು ಹೊರಗೆಳೆಯುವ ಉಡುಪು, ಶಸ್ತ್ರಚಿಕಿತ್ಸೆಯ ಒಂದೊಂದು ಹಂತಕ್ಕೂ ಮೊದಲೇ ಜೋಡಿಸಿಟ್ಟ ಸಲಕರಣೆಗಳ ಬೇರೆಬೇರೆ ಟ್ರೇಗಳು, ಇವೆಲ್ಲ ಸೇರಿ ಅಲ್ಲಿಯ ಸೋಂಕಿನ ಪ್ರಮಾಣ ಶೇಕಡ 7ಕ್ಕೂ ಮೇಲಿನಿಂದ ಶೇಕಡ 1ರ ಆಸುಪಾಸಿಗೆ ಇಳಿದಿತ್ತು. ಇದರಲ್ಲಿ ಸರ್ಜನ್ನರ ಪಾಲೆಷ್ಟು, ಟ್ರೇ ಜೋಡಿಸಿದವರ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಪಶ್ಚಿಮದವರೂ ಶಿಷ್ಯರಾಗಬೇಕಾಗಿ ಬಂದ ಪ್ರಸಂಗ ಒಂದಿದೆ. ಸೈಬೀರಿಯದ ಕುರ್ಗಾನ್ ಊರಿನಲ್ಲಿ ಗವ್ರಿಲ್ ಇಲಿಝಾರೊವ್ 1950ರ ದಶಕದಿಂದಲೇ ಉಂಗುರಗಳ ಚೌಕಟ್ಟು ಹಾಕಿ ಮೂಳೆ ಉದ್ದ ಮಾಡುತ್ತಿದ್ದರು. ಇಟಲಿಯ ಪರ್ವತಾರೋಹಿ ಕಾರ್ಲೊ ಮೌರಿ ತಮ್ಮ ಹಳೆಯ ಕಾಲು ಮುರಿತವನ್ನು 1980ರಲ್ಲಿ ಅಲ್ಲಿ ಗುಣಪಡಿಸಿಕೊಂಡು ಬಂದ ಮೇಲೆ ಅವರ ಊರಿನ ವೈದ್ಯರು ಬೆರಗಾದರು. 1981ರಲ್ಲಿ ಇಟಲಿಯ ಬೆಲ್ಲಾಜಿಯೊದಲ್ಲಿ ನಡೆದ ಎಓ ಸಭೆಯೊಂದರಲ್ಲಿ ಇಲಿಝಾರೊವ್ ಮಾತಾಡಿದರು. ಅಲ್ಲಿಂದ ಕೋರ್ಸುಗಳು ಹರಡಿದವು. ಈ ವಿಧಾನದಲ್ಲಿ ಥಿಯೇಟರಿನ ಕೆಲಸ ಆರಂಭ ಮಾತ್ರ. ದಿನಕ್ಕೆ 1 ಮಿಲಿಮೀಟರಿನಂತೆ, ನಾಲ್ಕು ಕಂತುಗಳಲ್ಲಿ, ತಿಂಗಳುಗಟ್ಟಲೆ ನಟ್ಟು ತಿರುಗಿಸುವವರು ರೋಗಿ ಅಥವಾ ಮನೆಯವರು. ತಂತಿ ಚುಚ್ಚಿದ ಜಾಗ ಶುಚಿಯಾಗಿಡುವ ನರ್ಸ್, ಮೊಣಕಾಲು ಬಿಗಿಯದಂತೆ ನೋಡಿಕೊಳ್ಳುವ ಫಿಸಿಯೊಥೆರಪಿಸ್ಟ್ ಕಲಿಯದಿದ್ದರೆ ಚೌಕಟ್ಟು ಎಷ್ಟು ಚೆನ್ನಾಗಿ ಕೂತಿದ್ದರೂ ಫಲವಿಲ್ಲ. ಕರ್ನಾಟಕದ ಗಡಿಗೆ ಹತ್ತಿರದ ಮಿರಜ್ ಭಾರತದಲ್ಲಿ ಈ ವಿಧಾನ ಕಲಿಸಿದ ಮುಖ್ಯ ಕೇಂದ್ರಗಳಲ್ಲೊಂದಾಯಿತು, ಜಿ. ಎಸ್. ಕುಲಕರ್ಣಿ ಅಲ್ಲಿ ಅದನ್ನು ಬೇರೂರಿಸಿದವರು.

ಹೊಸದನ್ನು ಕಲಿಸುವುದಕ್ಕಿಂತ ಕಲಿತದ್ದನ್ನು ಬಿಡಿಸುವುದು ಕಷ್ಟ ಎಂಬುದು ಎಓ ಬಳಗಕ್ಕೆ ತನ್ನ ಮನೆಯಲ್ಲೇ ಅರಿವಾಯಿತು. 1960ರ ದಶಕದ ಪಾಠ ಹೀಗಿತ್ತು: ಪ್ರತಿ ತುಂಡನ್ನೂ ಮೊದಲಿದ್ದ ಜಾಗಕ್ಕೇ ಕೂರಿಸಿ, ಅಲುಗದಂತೆ ಬಿಗಿಯಿರಿ. ರಕ್ತಪೂರೈಕೆ ಉಳಿಸಿ ಎಂಬ ಮಾತೂ ಅದೇ ಪಟ್ಟಿಯಲ್ಲಿತ್ತು, ಆದರೆ ತುಂಡುಗಳನ್ನು ಕಣ್ಣಾರೆ ಜೋಡಿಸುವ ಉತ್ಸಾಹದಲ್ಲಿ ಅನೇಕರು ಮೂಳೆಯ ಮೇಲಿನ ಪೊರೆಯನ್ನು ಸುಲಿದುಬಿಡುತ್ತಿದ್ದರು. ಎಕ್ಸ್‌ರೇ ಚೆಂದ, ಮೂಳೆ ಮಾತ್ರ ನಿರ್ಜೀವ. ಸ್ಟೆಫಾನ್ ಪೆರೆನ್ ದಾವೋಸ್ ಪ್ರಯೋಗಾಲಯದಲ್ಲಿ ನಡೆಸಿದ ಅಧ್ಯಯನಗಳು, ಬರ್ನ್‌ನಲ್ಲಿ ರೈನ್‌ಹೋಲ್ಡ್ ಗಾನ್ಸ್ ಮತ್ತಿತರರು ಕಟ್ಟಿದ ಪರೋಕ್ಷ ಜೋಡಣೆಯ ವಿಧಾನ, ಇವು 1980ರ ದಶಕದ ಕೊನೆಗೆ ದಿಕ್ಕು ಬದಲಿಸಿದವು. ಕೀಲಿನ ಒಳಗಿನ ಮುರಿತಕ್ಕೆ ಹಳೆಯ ಕಟ್ಟುನಿಟ್ಟೇ ಸರಿ. ಉದ್ದ ಮೂಳೆಯ ನಡುಭಾಗಕ್ಕೆ ಉದ್ದ, ನೇರ, ತಿರುಚು ಸರಿಯಿದ್ದರೆ ಸಾಕು, ತುಂಡುಗಳನ್ನು ಮುಟ್ಟಬೇಡಿ ಎಂದಾಯಿತು. ಇಪ್ಪತ್ತೈದು ವರ್ಷ ತುಂಡು ಎಣಿಸಿ ಜೋಡಿಸಿದವರಿಗೆ ಸುಮ್ಮನಿರುವುದನ್ನು ಕಲಿಸಬೇಕಿತ್ತು. ಶತಮಾನದ ತಿರುವಿನಲ್ಲಿ ಸ್ಕ್ರೂ ತಲೆಯೇ ಪ್ಲೇಟಿಗೆ ಥ್ರೆಡ್ಡಿನಿಂದ ಕಚ್ಚುವ ಲಾಕಿಂಗ್ ಪ್ಲೇಟು ಬಂದಾಗ ಇನ್ನೊಂದು ಸುತ್ತು. ಒಂದೇ ಪ್ಲೇಟಿನಲ್ಲಿ ಎರಡು ತತ್ವದ ತೂತುಗಳು. ಒತ್ತುವ ಸ್ಕ್ರೂ ಮೊದಲು, ಲಾಕ್ ಆಮೇಲೆ. ಕ್ರಮ ತಪ್ಪಿದರೆ ಸೀಳು ತೆರೆದೇ ಲಾಕ್ ಆಗುತ್ತದೆ. ಟ್ರೇಯಲ್ಲಿ ಎರಡು ಜಾತಿಯ ಸ್ಕ್ರೂ, ಎರಡು ಜಾತಿಯ ಡ್ರಿಲ್ ಕೊಳವೆ. ಹಳೆಯ ಅಭ್ಯಾಸದ ನರ್ಸುಗಳು ಎಡವಿದ್ದು ಇಲ್ಲಿಯೇ, ತಪ್ಪು ಅವರದಲ್ಲದಿದ್ದರೂ. ಸರ್ಜನ್ ಕೋರ್ಸಿಗೆ ಹೋಗಿ ಬಂದಿರುತ್ತಿದ್ದರು, ಸಿಬ್ಬಂದಿಯನ್ನು ಯಾರೂ ಕಳಿಸಿರುತ್ತಿರಲಿಲ್ಲ.

ಈ ಖಾಲಿ ಜಾಗವನ್ನು ತುಂಬಿದವರು ಕಂಪನಿಯ ಪ್ರತಿನಿಧಿಗಳು. ಹೊಸ ಸೆಟ್ಟಿನೊಂದಿಗೆ ಥಿಯೇಟರಿಗೇ ಬಂದು, ಯಾವ ಹಂತಕ್ಕೆ ಯಾವ ಸಲಕರಣೆ ಎಂದು ನರ್ಸಿಗೆ ತೋರಿಸುವ ವ್ಯಕ್ತಿ ಇಂದು ನಮ್ಮ ನಗರಗಳ ಥಿಯೇಟರುಗಳಲ್ಲೂ ಅಪರಿಚಿತನಲ್ಲ. ಅನುಕೂಲವೇನೋ ಹೌದು. ಆದರೆ ಮಾರುವವರೇ ಕಲಿಸುವವರಾದಾಗ ಏನಾಗಬಹುದು ಎಂಬುದಕ್ಕೆ ಅಮೆರಿಕದ ನ್ಯಾಯಾಲಯದ ಕಡತಗಳಿವೆ. 2007ರಲ್ಲಿ ಸೊಂಟ ಮತ್ತು ಮೊಣಕಾಲಿನ ಕೀಲು ತಯಾರಿಸುವ ದೊಡ್ಡ ಕಂಪನಿಗಳು, ಸಲಹಾ ಶುಲ್ಕದ ಹೆಸರಿನಲ್ಲಿ ಸರ್ಜನ್ನರಿಗೆ ಹಣ ಕೊಟ್ಟ ಆರೋಪದ ಇತ್ಯರ್ಥಕ್ಕೆ ಒಟ್ಟು 31 ಕೋಟಿ ಡಾಲರಿಗೂ ಹೆಚ್ಚು ತೆತ್ತವು. ಸಿಂಥೆಸ್ ಮತ್ತು ಅದರ ಅಂಗಸಂಸ್ಥೆ ನೋರಿಯನ್ ಪ್ರಕರಣ ಇನ್ನೂ ಗಂಭೀರ: ಬೆನ್ನುಮೂಳೆಯಲ್ಲಿ ಬಳಸಲು ಅನುಮತಿಯಿಲ್ಲದ ಮೂಳೆ ಸಿಮೆಂಟನ್ನು ಸರ್ಜನ್ನರಿಗೆ ತರಬೇತಿ ಸಭೆ ನಡೆಸಿ ಬಳಸುವಂತೆ ಮಾಡಿದ್ದಕ್ಕಾಗಿ ಕಂಪನಿಗಳು 2010ರಲ್ಲಿ ತಪ್ಪೊಪ್ಪಿಕೊಂಡವು, ಮರುವರ್ಷ ಅಧಿಕಾರಿಗಳು ಜೈಲಿಗೂ ಹೋದರು. ಸಿಮೆಂಟನ್ನು ಹಾಗೆ ಬಳಸಿದ ಅವಧಿಯಲ್ಲಿ ಮೂವರು ರೋಗಿಗಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಸತ್ತಿದ್ದರು. ಬೋಧನೆಗೆಂದು ಹುಟ್ಟಿದ ಹೆಸರೊಂದು ಅರ್ಧ ಶತಮಾನದಲ್ಲಿ ತಲುಪಿದ ಜಾಗವಿದು. 2012ರಲ್ಲಿ ಸಿಂಥೆಸ್ ಸುಮಾರು 2,000 ಕೋಟಿ ಡಾಲರಿಗೆ ಜಾನ್ಸನ್ ಅಂಡ್ ಜಾನ್ಸನ್ ಪಾಲಾಯಿತು. ಎಓ ಪ್ರತಿಷ್ಠಾನ ಬೇರೆಯಾಗಿ ಉಳಿದು ಕೋರ್ಸುಗಳನ್ನು ಮುಂದುವರಿಸಿದೆ.

ಭಾರತದಲ್ಲಿ ಆರ್ಥೋಪೆಡಿಕ್ ಸಂಘ ರೂಪುಗೊಂಡದ್ದು 1955ರಲ್ಲಿ. ಅದರ ಪತ್ರಿಕೆ 1967ರಿಂದ ಬರುತ್ತಿದೆ. ಬಹುಕಾಲ, ವೈದ್ಯರ ಮುಂದುವರಿಕೆ ಶಿಕ್ಷಣ (ಸಿಎಂಇ) ಎಂದರೆ ವಾರ್ಷಿಕ ಸಮ್ಮೇಳನ, ಹಿರಿಯ ಸರ್ಜನ್ನರ ಪಕ್ಕದಲ್ಲಿ ಕೆಲವು ವಾರ ನಿಲ್ಲುವುದು, ಸಾಧ್ಯವಾದವರಿಗೆ ವಿದೇಶದ ಫೆಲೋಶಿಪ್, ಇಷ್ಟೇ ಆಗಿತ್ತು. 2002ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮಾವಳಿ, ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಸಿಎಂಇಯಲ್ಲಿ ಭಾಗವಹಿಸಬೇಕೆಂದು ಹೇಳಿತು. 2009ರ ತಿದ್ದುಪಡಿ ಔಷಧ ಮತ್ತು ಸಂಬಂಧಿತ ಉದ್ಯಮದ ಖರ್ಚಿನಲ್ಲಿ ಸಮ್ಮೇಳನಗಳಿಗೆ ಪ್ರಯಾಣ, ವಸತಿ ಪಡೆಯುವುದನ್ನು ನಿಷೇಧಿಸಿತು. ಕರ್ನಾಟಕ ವೈದ್ಯಕೀಯ ಪರಿಷತ್ತು ನೋಂದಣಿ ನವೀಕರಣಕ್ಕೆ ಸಿಎಂಇ ಅಂಕಗಳನ್ನು ಕೇಳುತ್ತದೆ. ರಾಜ್ಯ ಆರ್ಥೋಪೆಡಿಕ್ ಸಂಘದ ಸಮ್ಮೇಳನಗಳಲ್ಲಿ ವರ್ಕ್‌ಶಾಪಿನ ಮೇಜುಗಳ ಜೊತೆಗೆ ಅಂಕದ ಪ್ರಮಾಣಪತ್ರದ ಕೌಂಟರೂ ಜನಭರಿತ. ಗಂಟೆ ಎಣಿಸುವ ಈ ಪದ್ಧತಿಗೆ ಉಪನ್ಯಾಸ ಕೇಳಿದ ಒಂದು ಗಂಟೆಯೂ ಡ್ರಿಲ್ಲು ಹಿಡಿದ ಒಂದು ಗಂಟೆಯೂ ಸಮ. ದಾವೋಸ್‌ನ ಮೊದಲ ಕೋರ್ಸು ಅಲ್ಲಗಳೆದದ್ದು ಇದನ್ನೇ.

ತಂಡ ಎಂಬ ಕಲ್ಪನೆ ಮತ್ತೆ ಮುಂದಕ್ಕೆ ಬಂದದ್ದು ತಪ್ಪುಗಳ ಮೂಲಕ. ಎಡ ಬಲ ಇರುವ ಅಂಗಗಳ ಮೇಲೆ ಕೆಲಸ ಮಾಡುವ ಶಾಖೆ ಇದಾದ್ದರಿಂದ ತಪ್ಪು ಕಾಲಿಗೆ ಕತ್ತಿ ಹಾಕುವ ಅಪಾಯ ಇಲ್ಲಿ ಹೆಚ್ಚು. ಕೆನಡಾದ ಆರ್ಥೋಪೆಡಿಕ್ ಸಂಘ 1994ರಲ್ಲಿ, ಅಮೆರಿಕದ ಅಕಾಡೆಮಿ 1998ರಲ್ಲಿ, ಶಸ್ತ್ರಚಿಕಿತ್ಸೆಯ ಜಾಗದ ಮೇಲೆ ಸರ್ಜನ್ ಸ್ವತಃ ಸಹಿ ಹಾಕುವ ಅಭಿಯಾನ ಆರಂಭಿಸಿದವು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟ್ ಬಂತು: ಕತ್ತಿ ಹಾಕುವ ಮೊದಲು ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು, ರೋಗಿ, ಜಾಗ, ಆಪರೇಷನ್ ಯಾವುದೆಂದು ಎಲ್ಲರೂ ಒಪ್ಪಬೇಕು, ಸಲಕರಣೆ ಸ್ಟೆರೈಲ್ ಆಗಿದೆಯೇ ಎಂದು ನರ್ಸ್ ಖಚಿತಪಡಿಸಬೇಕು. ದೆಹಲಿ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲಿ ಸಾವು ಶೇಕಡ 1.5ರಿಂದ 0.8ಕ್ಕೂ, ತೊಡಕುಗಳು ಶೇಕಡ 11ರಿಂದ 7ಕ್ಕೂ ಇಳಿದವು. ಅದು ಹೃದಯದ್ದನ್ನು ಬಿಟ್ಟು ಉಳಿದ ಎಲ್ಲ ಬಗೆಯ ಶಸ್ತ್ರಚಿಕಿತ್ಸೆಯ ಲೆಕ್ಕ. ಹಾಳೆಗೆ ಟಿಕ್ ಹಾಕಿಸುವುದು ಸುಲಭ. ‘ಸರ್, ಇದು ಬಲಗಾಲು’ ಎಂದು ಕಿರಿಯ ನರ್ಸೊಬ್ಬರು ಹಿರಿಯ ಸರ್ಜನ್ನರಿಗೆ ಹೇಳಬಲ್ಲಂಥ ಥಿಯೇಟರನ್ನು ಸಿದ್ಧಪಡಿಸಲು ಬೇರೆಯದೇ ತರಬೇತಿ ಬೇಕು. ತಂಡದ ಸಂವಹನವನ್ನು ಅಣಕು ಥಿಯೇಟರಿನಲ್ಲಿ ಅಭ್ಯಾಸ ಮಾಡಿಸುವ ಕೋರ್ಸುಗಳು ಇದರಿಂದ ಹುಟ್ಟಿದವು.

2020ರ ಕೋವಿಡ್ ಕಾಲದಲ್ಲಿ ಉಪನ್ಯಾಸಗಳೆಲ್ಲ ಆನ್‌ಲೈನಿಗೆ ಹೋದವು. ಜಿಲ್ಲಾ ಕೇಂದ್ರಗಳ ಮೂಳೆವೈದ್ಯರಿಗೆ ಇದು ಲಾಭವೇ. ರಜೆ ಹಾಕಿ ಮಹಾನಗರಕ್ಕೆ ಹೋಗದೆ ದೊಡ್ಡವರ ಮಾತು ಕೇಳಬಹುದು. ಮೇಜಿನ ಪಾಠಕ್ಕೆ ಮಾತ್ರ ಪರದೆ ಬದಲಿಯಾಗಲಿಲ್ಲ. ಸಿಬ್ಬಂದಿಯ ವಿಷಯದಲ್ಲಿ ನಿಯಮಪುಸ್ತಕದ ಚಿತ್ರ ವಿಚಿತ್ರವಾಗಿದೆ: ವೈದ್ಯರಿಗೆ ಐದು ವರ್ಷಕ್ಕೆ 30 ಗಂಟೆ ಹೇಳಿದ ದೇಶದಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ನರ್ಸುಗಳಿಗೆ ಅದೇ ಅವಧಿಗೆ 150 ಗಂಟೆ ಕೇಳುತ್ತದೆ. ಆದರೆ ಆ ಗಂಟೆಗಳು ನರ್ಸಿಂಗಿನ ಯಾವ ವಿಷಯದ್ದಾದರೂ ಆಗಬಹುದು. ಮೂಳೆ ಥಿಯೇಟರಿನಲ್ಲಿ ದಿನಾ ಟ್ರೇ ಜೋಡಿಸುವವರು ಪ್ಲೇಟಿನ ಬಗ್ಗೆಯೇ ಕಲಿಯಬೇಕೆಂದಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಓದಿ ಬರುವ ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್ನರು ಕರ್ನಾಟಕದ ಅನೇಕ ಥಿಯೇಟರುಗಳಲ್ಲಿ ಈ ಕೆಲಸ ಹೊತ್ತಿದ್ದಾರೆ. ಇಂಥ ವೃತ್ತಿಗಳಿಗೆ ರಾಷ್ಟ್ರಮಟ್ಟದ ಆಯೋಗ ಬಂದದ್ದೇ 2021ರ ಕಾಯ್ದೆಯಿಂದ.